ಪರಸ್ಥಳದಲ್ಲಿ ದುಡಿದವರ ಮರೆತುಹೋದ ಪಿಂಚಣಿ

ಹಗೇವಿನಲ್ಲಿ ಇಳಿಸಿದ ಜೋಳವನ್ನು ಮರೆತ ರೈತನನ್ನು ನಾವು ಕಂಡಿಲ್ಲ. ಎಷ್ಟು ಚೀಲ ಇಳಿಸಿದೆವು, ಯಾವ ಅಮಾವಾಸ್ಯೆಗೆ ಬಾಯಿ ಮುಚ್ಚಿದೆವು ಎಂಬ ಲೆಕ್ಕವು ಮನೆಯ ಹೆಂಗಸರ ನಾಲಗೆಯ ಮೇಲಿರುತ್ತದೆ. ಆದರೆ ಅದೇ ಮನೆಯವರು ಗಿರಣಿಯಲ್ಲೋ ಕಾರ್ಖಾನೆಯಲ್ಲೋ ಹತ್ತು ವರ್ಷ ದುಡಿದು ಬಂದು, ತಮ್ಮ ಹೆಸರಿನಲ್ಲಿ ತಿಂಗಳು ತಿಂಗಳೂ ಜಮೆಯಾದ ಪಿಂಚಣಿಯ ಹಣವನ್ನು ಮಾತ್ರ ಮರೆತುಬಿಡುತ್ತಾರೆ. ಜೋಳ ನಮ್ಮ ಕಣ್ಣ ಮುಂದೆ ಇಳಿದದ್ದು. ಈ ಹಣವೋ ನಮ್ಮ ಕೈಗೆ ಬಾರದೆ, ಮಾಲೀಕನ ಕಚೇರಿಯಿಂದಲೇ ನೇರವಾಗಿ ಸರ್ಕಾರದ ನಿಧಿಗೆ ಹೋದದ್ದು. ಕಾಣದ ಹಣವೆಂದು ಅದನ್ನು ಬಿಟ್ಟುಕೊಡುವುದು ಸರಿಯಲ್ಲ. ಅದು ದಾನವಲ್ಲ, ನಮ್ಮ ಕೂಲಿಯದೇ ಒಂದು ಭಾಗ.

ಗೋನೆಗಂಡ್ಲದ ಸುತ್ತಿನ ರೈತರಿಗೆ ಈ ಮಾತು ಬಹಳ ಹತ್ತಿರದ್ದು. ಹಂದ್ರಿ ನದಿಗೆ ಗಾಜುಲದಿನ್ನೆಯಲ್ಲಿ ಕಟ್ಟೆ ಹಾಕಿ ಸಂಜೀವಯ್ಯ ಸಾಗರ ಮಾಡಿದ್ದಾರೆ. ಕಾಲುವೆಯ ನೀರು ಮುಟ್ಟುವ ಹೊಲಗಳ ಮಾತು ಬೇರೆ. ಮುಟ್ಟದ ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಕಾವಲಿಗೆ ಬಿಟ್ಟು, ಗುಳೆ ಹೊರಡುವುದು ಈ ಸೀಮೆಯ ಹಳೆಯ ಪಾಡು. ಬಳ್ಳಾರಿ, ರಾಯಚೂರು ಕಡೆ ಗುಳೆ ಎನ್ನುವುದನ್ನು ಇಲ್ಲಿ ‘ಸುಗ್ಗಿಗೆ ಹೋದರು’ ಎಂದೂ ಹೇಳುತ್ತಾರೆ. ಕೆಲವರು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ, ಕೆಲವರು ಆದವಾನಿಯ ಹತ್ತಿ ಜಿನ್ನುಗಳಿಗೆ. ಹೀಗೆ ಹೋದವರಲ್ಲಿ ಹಲವರು ಒಂದೇ ಕಡೆ ನಿಂತು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ, ನೂಲಿನ ಗಿರಣಿಯಲ್ಲಿ, ಕಾವಲುಗಾರರಾಗಿ ಎಷ್ಟೋ ವರ್ಷ ಕಳೆದು, ಮತ್ತೆ ಊರಿಗೆ ಬಂದು ನೇಗಿಲು ಹಿಡಿದಿದ್ದಾರೆ. ಈ ಲೇಖನವು ಅಂಥವರಿಗಾಗಿ.

ಈ ನಿಧಿ ಎಲ್ಲಿಂದ ಬಂತು

ಕಾರ್ಮಿಕರ ಭವಿಷ್ಯನಿಧಿ, ಅಂದರೆ ನಾವು ಪಿ.ಎಫ್. ಎನ್ನುವುದರ ಕಾಯಿದೆಯು 1952ರಲ್ಲಿ ಆಯಿತು. ಅದೇ ವರ್ಷ ನವೆಂಬರ್ 1ರಿಂದ ನಿಧಿಯು ನಡೆಯತೊಡಗಿತು. ಮೊದಲು ಅದು ಆರೇ ಕೈಗಾರಿಕೆಗಳಿಗೆ ಅನ್ವಯವಾಗುತ್ತಿತ್ತು: ಸಿಮೆಂಟು, ಸಿಗರೇಟು, ಯಂತ್ರಗಳ ತಯಾರಿಕೆ, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆಯ ಗಿರಣಿ. ಹತ್ತಿಯನ್ನೇ ನಂಬಿದ ನಮ್ಮ ಸೀಮೆಯ ಬಟ್ಟೆಯ ಕೆಲಸವು ಹೀಗೆ ಮೊದಲ ದಿನದಿಂದಲೇ ಕಾಯಿದೆಯ ಒಳಗೆ ಸೇರಿತ್ತು. ಆಗ ಆದವಾನಿಯು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮರು ವರ್ಷ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಉಳಿದವು, ಬಳ್ಳಾರಿಯು ಮೈಸೂರಿಗೆ ಸೇರಿತು. ಗಡಿ ಎಲ್ಲಿ ಬಿದ್ದರೂ ಭವಿಷ್ಯನಿಧಿಯು ಕೇಂದ್ರ ಸರ್ಕಾರದ್ದಾದುದರಿಂದ ಅದಕ್ಕೆ ರಾಜ್ಯದ ಗಡಿಯಿಲ್ಲ. ಈ ಒಂದು ಮಾತನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು. ಬೆಂಗಳೂರಿನಲ್ಲಿ ದುಡಿದು ಗೋನೆಗಂಡ್ಲದಲ್ಲಿ ನೆಲೆಸಿದವನ ಹಕ್ಕು ಗಡಿ ದಾಟಿದ್ದರಿಂದ ಕಡಿಮೆಯಾಗುವುದಿಲ್ಲ.

ಮೊದಲಿಗೆ ಇದ್ದದ್ದು ಕೂಡಿಟ್ಟ ಗಂಟು ಮಾತ್ರ. 1971ರಲ್ಲಿ, ಕಾರ್ಮಿಕನು ತೀರಿಕೊಂಡರೆ ಕುಟುಂಬಕ್ಕೆ ಆಧಾರವಾಗಲೆಂದು ಕುಟುಂಬ ಪಿಂಚಣಿ ಬಂತು. 1995ರ ನವೆಂಬರ್ 16ರಿಂದ ಅದರ ಜಾಗದಲ್ಲಿ ಈಗ ಎಲ್ಲರೂ ಹೇಳುವ 95ರ ಪಿಂಚಣಿ ಯೋಜನೆ ಬಂದು, ಬದುಕಿರುವ ಕಾರ್ಮಿಕನಿಗೂ ಮುಪ್ಪಿನಲ್ಲಿ ತಿಂಗಳ ಪಿಂಚಣಿ ಸಿಗುವಂತಾಯಿತು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಪರರ ಹೊಲದಲ್ಲಿ ಮಾಡಿದ ಕೂಲಿಗೆ ಈ ಪಿಂಚಣಿಯಿಲ್ಲ. ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆ, ಗಿರಣಿ, ಸಂಸ್ಥೆಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಮಾಲೀಕನು ನಮ್ಮ ಹೆಸರಿನಲ್ಲಿ ಹಣ ಕಟ್ಟಿರಬೇಕು. ಸಂಬಳದಲ್ಲಿ ಪಿ.ಎಫ್. ಎಂದು ಹಿಡಿಯುತ್ತಿದ್ದರೇ ಎಂಬುದೇ ಮೊದಲ ಪ್ರಶ್ನೆ.

ಗಂಟು ಬೇರೆ, ಪಿಂಚಣಿ ಬೇರೆ

‘ನಮ್ಮ ಪಿ.ಎಫ್. ಆಗಲೇ ತಂದೆವಲ್ಲ, ಇನ್ನೇನಿದೆ?’ ಎಂದು ಹಲವರು ಕೇಳುತ್ತಾರೆ. ಮೋಸಹೋಗುವುದು ಇಲ್ಲಿಯೇ. ಒಬ್ಬನ ಮೂಲವೇತನ ಮತ್ತು ತುಟ್ಟಿಭತ್ಯ ಸೇರಿ 10,000 ರೂಪಾಯಿ ಇತ್ತೆಂದು ಇಟ್ಟುಕೊಳ್ಳಿ. ನೂರಕ್ಕೆ 12ರಂತೆ ಅವನ ಸಂಬಳದಿಂದ 1,200 ರೂಪಾಯಿ ಹಿಡಿಯುತ್ತಾರೆ. ಮಾಲೀಕನೂ ತನ್ನ ಕೈಯಿಂದ 1,200 ರೂಪಾಯಿ ಹಾಕಬೇಕು. ಮಾಲೀಕನ ಈ ಹಣದಲ್ಲಿ ನೂರಕ್ಕೆ 8.33ರಂತೆ, ಅಂದರೆ 833 ರೂಪಾಯಿ, ಪಿಂಚಣಿಯ ನಿಧಿಗೆ ಹೋಗುತ್ತದೆ. ಉಳಿದ 367 ರೂಪಾಯಿ ಮಾತ್ರ ಭವಿಷ್ಯನಿಧಿಗೆ ಸೇರುತ್ತದೆ.

ಕೆಲಸ ಬಿಟ್ಟ ಮೇಲೆ ಫಾರಂ 19 ತುಂಬಿ ತಂದ ಹಣವು ಭವಿಷ್ಯನಿಧಿಯ ಗಂಟು. ಪಿಂಚಣಿಯ ಪಾಲಿಗೆ ಫಾರಂಗಳೇ ಬೇರೆ. ಹತ್ತು ವರ್ಷ ತುಂಬದವರಿಗೆ 10-ಸಿ, ತಿಂಗಳ ಪಿಂಚಣಿ ಕೇಳುವವರಿಗೆ 10-ಡಿ. ಆದುದರಿಂದ ಫಾರಂ 19 ಒಂದನ್ನೇ ಹಾಕಿದವರ ಪಿಂಚಣಿಯ ಪಾಲು ಹಾಗೆಯೇ ಉಳಿದಿರುತ್ತದೆ. ಎರಡನ್ನೂ ಹಾಕಿ ಪೂರ್ತಿ ಹಣ ಪಡೆದಿದ್ದರೆ ಆ ಲೆಕ್ಕ ಮುಗಿದಂತೆಯೇ. ನಾವು ಹಾಕಿದ್ದು ಯಾವುದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಖಾತೆಯ ಪಾಸ್‌ಬುಕ್ಕಿನಲ್ಲಿ ನೌಕರನ ಪಾಲು, ಮಾಲೀಕನ ಪಾಲು, ಪಿಂಚಣಿಯ ಪಾಲು ಎಂದು ಮೂರು ಸಾಲುಗಳಿರುತ್ತವೆ. ಕೊನೆಯದನ್ನು ಬೆರಳಿಟ್ಟು ತೋರಿಸಲು ಹೇಳಿರಿ.

ಈ ಹಣ ತಮ್ಮದೆಂದು ತಿಳಿದವರು ಏನು ಮಾಡಬಲ್ಲರು ಎಂಬುದನ್ನು ಬೆಂಗಳೂರಿನ ಹೆಣ್ಣುಮಕ್ಕಳು ತೋರಿಸಿಕೊಟ್ಟರು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯಲ್ಲಿನ ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ಕೊಡಲಾಗದೆಂದು ನಿಯಮ ಮಾಡಿತು. ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ಹೊಲಿಗೆ ಯಂತ್ರ ಬಿಟ್ಟು ಬೀದಿಗೆ ಬಂದರು. ಹೊಸೂರು ರಸ್ತೆ, ತುಮಕೂರು ರಸ್ತೆಗಳು ನಿಂತುಹೋದವು. ಕಲ್ಲುತೂರಾಟ, ಲಾಠಿ ಏಟುಗಳೂ ಆದವು. ಏಪ್ರಿಲ್ 19ರಂದೇ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅವರಂತೆ ದುಡಿದು ಊರಿಗೆ ಮರಳಿದ ನಮ್ಮವರು ಬೀದಿಗೆ ಇಳಿಯಬೇಕಾಗಿಲ್ಲ. ಒಂದು ಅರ್ಜಿ ಹಾಕಿದರೆ ಸಾಕು.

ಪಿಂಚಣಿ ಯಾರಿಗೆ, ಎಷ್ಟು

ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು, ವಯಸ್ಸು 58 ತುಂಬಬೇಕು. 50 ತುಂಬಿದ ಮೇಲೆ ಮುಂಚಿತವಾಗಿ ಕೇಳಬಹುದಾದರೂ, 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ನೂರಕ್ಕೆ 4ರಂತೆ ಕಡಿತವಾಗುವುದು, ಆ ಕಡಿತ ಜೀವಮಾನವಿಡೀ ಇರುವುದು. ಆದುದರಿಂದ ತೀರ ಅವಶ್ಯವಿಲ್ಲದೆ ಅವಸರ ಮಾಡಬಾರದು.

ಈ ಹತ್ತು ವರ್ಷವು ಒಂದೇ ಕಡೆ ಆಗಿರಬೇಕೆಂದಿಲ್ಲ. ಬೆಂಗಳೂರಿನಲ್ಲಿ ಆರು ವರ್ಷ, ಆಮೇಲೆ ಎರಡು ವರ್ಷ ಊರಿನಲ್ಲಿ ಬೇಸಾಯ, ಮತ್ತೆ ಹೈದರಾಬಾದಿನಲ್ಲಿ ಐದು ವರ್ಷ ದುಡಿದವನ ಸೇವೆಯನ್ನು ಕೂಡಿಸಿದರೆ 11 ವರ್ಷ. ನಡುವಿನ ಬೇಸಾಯದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅವುಗಳಿಂದ ಮೊದಲಿನ ಆರು ವರ್ಷವೇನೂ ಹಾಳಾಗುವುದಿಲ್ಲ. ಮೊದಲ ಕೆಲಸ ಬಿಟ್ಟಾಗ 10-ಸಿ ಫಾರಂನಿಂದ ನಗದು ಪಡೆದವನ ಆರು ವರ್ಷ ಮಾತ್ರ ಅಲ್ಲಿಗೆ ಅಳಿಸಿಹೋಗುತ್ತದೆ. ಅದೇ ಫಾರಂನಲ್ಲಿ ನಗದಿನ ಬದಲು ಸೇವೆಯ ಪ್ರಮಾಣಪತ್ರವನ್ನು ಕೇಳಲು ಅವಕಾಶವಿದೆ. ಇನ್ನೂ ದುಡಿಯುವ ವಯಸ್ಸಿನವರು ಈ ಪತ್ರವನ್ನೇ ಪಡೆದು ಕಾದಿಡುವುದು ಒಳ್ಳೆಯದು. ಸೇವೆಯ ಕೊನೆಯಲ್ಲಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚಿನ ತುಂಡು ಉಳಿದರೆ ಅದನ್ನು ಒಂದು ವರ್ಷವೆಂದು ಎಣಿಸುತ್ತಾರೆ.

ಜಿನ್ನುಗಳಲ್ಲಿ ದುಡಿದವರಿಗೆ ಇನ್ನೊಂದು ಅನುಕೂಲವಿದೆ, ಇದನ್ನು ತಿಳಿದವರು ಬಹಳ ಕಡಿಮೆ. ಹತ್ತಿಯ ಕಾಲದಲ್ಲಿ ಮಾತ್ರ ನಡೆಯುವ ಕೆಲಸದಲ್ಲಿ ಒಂದು ವರ್ಷದಲ್ಲಿ ನಾಲ್ಕೈದು ತಿಂಗಳಷ್ಟೇ ದುಡಿದಿದ್ದರೂ ಪಿಂಚಣಿಯ ಯೋಜನೆಯು ಅದನ್ನು ಪೂರ್ತಿ ಒಂದು ವರ್ಷವೆಂದೇ ಎಣಿಸಬೇಕೆಂದು ಹೇಳುತ್ತದೆ. ಕಬ್ಬಿನ ಕಾಲದ ಸಕ್ಕರೆ ಕಾರ್ಖಾನೆಯ ಕೆಲಸಕ್ಕೂ ಇದೇ ಮಾತು. ವರ್ಷಕ್ಕೆ ಐದು ತಿಂಗಳಂತೆ 13 ವರ್ಷ ಜಿನ್ನಿನಲ್ಲಿ ದುಡಿದವನು ‘ನನ್ನದು ಒಟ್ಟು 65 ತಿಂಗಳು, ಆರು ವರ್ಷವೂ ಇಲ್ಲ’ ಎಂದು ಸುಮ್ಮನಿರಬಾರದು. ಮಾಲೀಕನು ಅವನ ಹೆಸರಿನಲ್ಲಿ ಹಣ ಕಟ್ಟಿದ್ದರೆ ಅವನ ಸೇವೆ 13 ವರ್ಷ.

ಪಿಂಚಣಿಯ ಲೆಕ್ಕ ಕಷ್ಟವಲ್ಲ. ಸೇವೆಯ ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರ್ 1ರಿಂದ ಈ ಲೆಕ್ಕಕ್ಕೆ ವೇತನದ ಮಿತಿಯನ್ನು 15,000 ರೂಪಾಯಿ ಮಾಡಿದರು. ಕೆಳಗಿನ ಉದಾಹರಣೆಗಳನ್ನು ನೋಡಿರಿ.

ಸರಾಸರಿ ವೇತನ 8,000 ರೂಪಾಯಿ, ಜಿನ್ನಿನ ಸೇವೆ 13 ವರ್ಷ: ತಿಂಗಳಿಗೆ ಸುಮಾರು 1,486 ರೂಪಾಯಿ.

ಸರಾಸರಿ ವೇತನ 10,500 ರೂಪಾಯಿ, ಎರಡು ಊರುಗಳ ಸೇವೆ ಸೇರಿ 11 ವರ್ಷ: ತಿಂಗಳಿಗೆ 1,650 ರೂಪಾಯಿ.

ಸರಾಸರಿ ವೇತನ 6,000 ರೂಪಾಯಿ, ಸೇವೆ 10 ವರ್ಷ: ಲೆಕ್ಕದಂತೆ 857 ರೂಪಾಯಿ. ಆದರೆ 2014ರ ಸೆಪ್ಟೆಂಬರ್‌ನಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಗೊತ್ತುಮಾಡಿದ್ದರಿಂದ ಅವನಿಗೆ ಸಿಗುವುದು 1,000.

1995ಕ್ಕೂ ಹಿಂದಿನ ಸೇವೆಯುಳ್ಳವರಿಗೆ ಆ ವರ್ಷಗಳ ಲೆಕ್ಕವನ್ನು ಬೇರೆಯಾಗಿ ಮಾಡಿ ಕೂಡಿಸುತ್ತಾರೆ. ಸಾವಿರ ರೂಪಾಯಿ ದೊಡ್ಡ ಮೊತ್ತವಲ್ಲ ನಿಜ. ಆದರೆ ವರ್ಷಕ್ಕೆ ಅದು 12,000 ಆಗುವುದು, ಮಳೆ ಬಂದರೂ ಬರುವುದು, ಬಾರದಿದ್ದರೂ ಬರುವುದು. ಬಿತ್ತನೆಯ ಹೊತ್ತಿಗೆ ಬೀಜಕ್ಕಾಗಿ ಬಡ್ಡಿಯವನ ಬಾಗಿಲು ತಟ್ಟುವ ಮನೆಗೆ ಇದರ ಬೆಲೆ ಗೊತ್ತು.

ವಿಧವೆಯ ಹಕ್ಕು

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಗಂಡನನ್ನು ಕಳೆದುಕೊಂಡ ಹೆಂಗಸಿನ ಪಾಲು. ಕೆಲಸದಲ್ಲಿರುವಾಗಲೇ ಕಾರ್ಮಿಕನು ತೀರಿಕೊಂಡರೆ, ಒಂದೇ ತಿಂಗಳ ಹಣ ಕಟ್ಟಿದ್ದರೂ ಸರಿಯೆ, ಹೆಂಡತಿಗೆ ಪಿಂಚಣಿಯುಂಟು. ಅದಕ್ಕೆ ಹತ್ತು ವರ್ಷದ ನಿಯಮವಿಲ್ಲ. ಹತ್ತು ವರ್ಷ ದುಡಿದು ಕೆಲಸ ಬಿಟ್ಟು, 58 ತುಂಬುವ ಮೊದಲೇ ಊರಿನಲ್ಲಿ ತೀರಿಕೊಂಡವನ ಹೆಂಡತಿಗೂ ಉಂಟು. ಪಿಂಚಣಿ ಪಡೆಯುತ್ತಿದ್ದವನು ತೀರಿಕೊಂಡರೆ ಅದರ ಅರ್ಧ ಅವಳಿಗೆ ಸಲ್ಲುವುದು, ಆದರೆ 1,000 ರೂಪಾಯಿಗೆ ಕಡಿಮೆಯಿಲ್ಲ. ಇದಲ್ಲದೆ ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ, ತಾಯಿಯ ಪಿಂಚಣಿಯ ನಾಲ್ಕನೆಯ ಒಂದು ಭಾಗದಂತೆ, ಬೇರೆ ಪಿಂಚಣಿ ಬರುವುದು. ಹತ್ತು ವರ್ಷ ತುಂಬದೆ ಕೆಲಸ ಬಿಟ್ಟು ತೀರಿಕೊಂಡವನ ಪಿಂಚಣಿಯ ಪಾಲನ್ನು ಮನೆಯವರು 10-ಸಿ ಹಾಕಿ ಹಿಂದಕ್ಕೆ ಪಡೆಯಬಹುದು. ಕೆಲಸದಲ್ಲಿದ್ದಾಗ ಸತ್ತವರಿಗೆ ಇದೇ ನಿಧಿಯವರ ವಿಮೆಯೂ ಇದೆ, ಅದರ ಹೆಚ್ಚಿನ ಮಿತಿ 7 ಲಕ್ಷ ರೂಪಾಯಿ.

ಗಂಡನ ಸಾಮಾನುಗಳನ್ನು ಪರಸ್ಥಳದಿಂದ ತಂದು ಒಂದು ಪೆಟ್ಟಿಗೆಯಲ್ಲಿ ಹಾಕಿ ಮೂಲೆಗೆ ಇಟ್ಟ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬೇಕು.

ಹುಡುಕುವ ದಾರಿ

ಪೆಟ್ಟಿಗೆಯಲ್ಲಿ ಏನು ಹುಡುಕಬೇಕು? ಸಂಬಳದ ಚೀಟಿ, ಕಾರ್ಖಾನೆಯ ಗುರುತಿನ ಚೀಟಿ, ಇ.ಎಸ್.ಐ. ಆಸ್ಪತ್ರೆಯ ಕಾರ್ಡು, ಪಿ.ಎಫ್. ವಾರ್ಷಿಕ ಲೆಕ್ಕದ ಹಾಳೆ, ಸಂಬಳ ಬೀಳುತ್ತಿದ್ದ ಬ್ಯಾಂಕಿನ ಪಾಸ್‌ಬುಕ್ಕು. ಇವುಗಳಲ್ಲಿ ಎರಡು ಬಗೆಯ ಸಂಖ್ಯೆಗಳು ಇರಬಹುದು. 2014ರಿಂದ ಈಚೆಗೆ ದುಡಿದವರಿಗೆ ಹನ್ನೆರಡು ಅಂಕಿಯ ಯು.ಎ.ಎನ್. ಸಂಖ್ಯೆ ಇರುತ್ತದೆ. ಎಷ್ಟು ಕೆಲಸ ಬದಲಾಯಿಸಿದರೂ ಒಬ್ಬನಿಗೆ ಇದು ಒಂದೇ. ಅದಕ್ಕೂ ಹಿಂದಿನವರಿಗೆ ಅಕ್ಷರ ಮತ್ತು ಅಂಕಿ ಸೇರಿದ ಹಳೆಯ ಖಾತೆ ಸಂಖ್ಯೆ. ಕರ್ನಾಟಕದ ಹಳೆಯ ಖಾತೆಗಳು ‘ಕೆ.ಎನ್.’ ಎಂದೂ ಆಂಧ್ರದವು ‘ಎ.ಪಿ.’ ಎಂದೂ ಆರಂಭವಾಗುವುದುಂಟು. ಹರಿದ ಚೂರಿನಲ್ಲಿ ಈ ಅಕ್ಷರಗಳು ಕಂಡರೂ ಎಸೆಯಬೇಡಿರಿ.

ಸಂಖ್ಯೆ ಸಿಗದಿದ್ದರೆ ಕಾರ್ಖಾನೆಯ ಹೆಸರಿನಿಂದ ಹುಡುಕಬೇಕು. ಭವಿಷ್ಯನಿಧಿ ಸಂಘಟನೆಯವರ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಕೊಟ್ಟರೆ ಅದರ ಸಂಕೇತ ಸಂಖ್ಯೆಯೂ ವಿಳಾಸವೂ ಬರುವುದು. ಓದಿದ ಹುಡುಗರು ಮೊಬೈಲಿನಲ್ಲೇ ಇದನ್ನು ನೋಡಿಕೊಡಬಲ್ಲರು. ಕೆಲಸಕ್ಕೆ ಸೇರಿದ ವರ್ಷ, ಬಿಟ್ಟ ವರ್ಷ, ತಂದೆಯ ಅಥವಾ ಗಂಡನ ಹೆಸರು, ಅದೇ ಗಿರಣಿಯಲ್ಲಿ ಜೊತೆಗೆ ದುಡಿದ ಊರಿನವರ ಖಾತೆ ಸಂಖ್ಯೆ ಇವೆಲ್ಲವೂ ಸಹಾಯಕ್ಕೆ ಬರುತ್ತವೆ. ಖಾತೆಗೆ ಜೋಡಿಸಿದ ಮೊಬೈಲು ಇನ್ನೂ ಕೈಯಲ್ಲಿದ್ದರೆ 9966044425ಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಲೆಕ್ಕವು ಸಂದೇಶವಾಗಿ ಬರುವುದು. ವಿಚಾರಿಸಲು 14470 ಎಂಬ ಸಹಾಯವಾಣಿ ಇದೆ. 2023ರ ಜನವರಿಯಿಂದ ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಯಲ್ಲೂ ಸಂಘಟನೆಯವರು ಜನರ ಅಹವಾಲು ಕೇಳುವ ಶಿಬಿರವನ್ನು ನಡೆಸಲು ತೊಡಗಿದರು. ಶಿಬಿರ ಎಲ್ಲೆಂದು ಮೊದಲೇ ತಿಳಿದು ಹೋದರೆ ಬಸ್ಸಿನ ಖರ್ಚು ವ್ಯರ್ಥವಾಗದು. ಗಡಿಯ ಆ ಕಡೆ ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಸಂಘಟನೆಯ ಕಚೇರಿಗಳಿವೆ.

ಕಾರ್ಖಾನೆ ಮುಚ್ಚಿಹೋಗಿದ್ದರೆ ಹೆದರಬೇಕಾಗಿಲ್ಲ. ಹಣವು ಕಾರ್ಖಾನೆಯಲ್ಲಿ ಇಲ್ಲ, ನಿಧಿಯಲ್ಲಿದೆ. ಮಾಲೀಕನ ಸಹಿ ಸಿಗದ ಕಡೆ ಅರ್ಜಿಯನ್ನು ದೃಢೀಕರಿಸುವ ಅಧಿಕಾರ ಗೆಜೆಟೆಡ್ ಅಧಿಕಾರಿ, ನಮ್ಮ ಖಾತೆಯಿರುವ ಬ್ಯಾಂಕಿನ ಮ್ಯಾನೇಜರು, ಪೋಸ್ಟ್‌ಮಾಸ್ಟರು, ಮಾನ್ಯತೆ ಪಡೆದ ಶಾಲೆಯ ಮುಖ್ಯೋಪಾಧ್ಯಾಯರು, ಪಂಚಾಯತಿಯ ಅಧ್ಯಕ್ಷರು ಮೊದಲಾದವರಿಗೆ ಇದೆ. ಇವರಲ್ಲಿ ಒಬ್ಬರಾದರೂ ನಮಗೆ ಹತ್ತಿರದಲ್ಲೇ ಸಿಗುತ್ತಾರೆ.

ಹೆಸರಿನ ತೊಡಕು

ಗಡಿಯ ಜನಕ್ಕೆ ಮಾತ್ರ ಇರುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಉರುಕುಂದಿ ಈರಣ್ಣನ ಹರಕೆಯಿಂದ ನಮ್ಮ ಸೀಮೆಯಲ್ಲಿ ಮನೆಗೊಬ್ಬ ಈರಣ್ಣ ಇದ್ದಾನೆ. ಊರಿನ ಆಧಾರ್ ಕಾರ್ಡಿನಲ್ಲಿ ತೆಲುಗಿನ ಪದ್ಧತಿಯಂತೆ ಮನೆತನದ ಹೆಸರು ಮೊದಲು ಬಂದು ಈರಣ್ಣ ಆಮೇಲೆ ಬರುತ್ತಾನೆ. ಬೆಂಗಳೂರಿನ ಕಾರ್ಖಾನೆಯ ಗುಮಾಸ್ತನು ಮನೆತನವನ್ನು ಬಿಟ್ಟು, ತಂದೆಯ ಹೆಸರಿನ ಮೊದಲ ಅಕ್ಷರ ಸೇರಿಸಿ ವೀರಣ್ಣ ಎಂದು ಬರೆದಿರುತ್ತಾನೆ. ಬ್ಯಾಂಕಿನಲ್ಲಿ ಈರನ್ನ ಎಂದಾಗಿರುತ್ತದೆ. ಮನುಷ್ಯನು ಒಬ್ಬನೇ ಆದರೂ ಕಾಗದದಲ್ಲಿ ಮೂವರು. ಅರ್ಜಿ ತಿರುಗಿ ಬರುವುದು ಹೆಚ್ಚಾಗಿ ಇಂಥ ಕಾರಣಕ್ಕೇ ಹೊರತು ಹಣ ಇಲ್ಲವೆಂದಲ್ಲ. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳಿಗೂ, ಹುಟ್ಟಿದ ತಾರೀಖನ್ನು ಬಾಯಿಗೆ ಬಂದಂತೆ ಬರೆಸಿದವರಿಗೂ ಇದೇ ಕಷ್ಟ.

ಆದುದರಿಂದ ಅರ್ಜಿ ಹಾಕುವ ಮೊದಲೇ ಆಧಾರ್, ಬ್ಯಾಂಕು, ಪಿ.ಎಫ್. ಖಾತೆ ಮೂರರಲ್ಲೂ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ತಾರೀಖು ಒಂದೇ ಆಗಿದೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ತಪ್ಪಿದ್ದರೆ ಜಂಟಿ ಘೋಷಣೆ ಎಂಬ ಅರ್ಜಿಯಿಂದ ತಿದ್ದಿಸಬಹುದು. 2017ರ ಅಕ್ಟೋಬರ್‌ನಿಂದ ಈಚೆಗೆ ಆಧಾರ್ ಸೇರಿಸಿ ಪಡೆದ ಯು.ಎ.ಎನ್. ಇದ್ದವರು ಹಲವು ತಿದ್ದುಪಡಿಗಳನ್ನು ಮಾಲೀಕನ ಒಪ್ಪಿಗೆಯಿಲ್ಲದೆ ತಾವೇ ಮಾಡಿಕೊಳ್ಳುವಂತೆ 2025ರ ಜನವರಿಯಲ್ಲಿ ಸಡಿಲ ಮಾಡಿದರು. ಹಳಬರು ಹಳೆಯ ಶಾಲೆಯ ಪತ್ರ, ಕನ್ನಡದಲ್ಲಿದ್ದರೂ ಸರಿ, ತೆಲುಗಿನಲ್ಲಿದ್ದರೂ ಸರಿ, ಜೋಪಾನವಾಗಿ ಇಟ್ಟುಕೊಳ್ಳಬೇಕು.

ಊರಿನಲ್ಲೇ ಪಿಂಚಣಿ

ಹಿಂದೆ ಬೆಂಗಳೂರಿನ ಕಚೇರಿಯಿಂದ ಮಂಜೂರಾದ ಪಿಂಚಣಿಯನ್ನು ಬೇರೆ ಸೀಮೆಯಲ್ಲಿ ಪಡೆಯಬೇಕಾದರೆ ಪಿಂಚಣಿಯ ಆದೇಶಪತ್ರವನ್ನು ಕಚೇರಿಯಿಂದ ಕಚೇರಿಗೆ ವರ್ಗ ಮಾಡಿಸಬೇಕಿತ್ತು. ಕಾಗದ ತಿರುಗುವಷ್ಟರಲ್ಲಿ ಮುದುಕರು ಸೋತುಹೋಗುತ್ತಿದ್ದರು. 2025ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಪಾವತಿ ವ್ಯವಸ್ಥೆ ಬಂದು, ಯಾವ ಊರಿನ ಯಾವ ಬ್ಯಾಂಕಿನ ಶಾಖೆಯಲ್ಲಾದರೂ ಪಿಂಚಣಿ ಪಡೆಯುವಂತಾಗಿದೆ. ಗಡಿಯವರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಪಿಂಚಣಿ ಆರಂಭವಾದ ಮೇಲೆ ವರ್ಷಕ್ಕೊಮ್ಮೆ ಬದುಕಿರುವ ಬಗ್ಗೆ ಜೀವನ ಪ್ರಮಾಣಪತ್ರ ಕೊಡಬೇಕು. ನವೆಂಬರಿನಲ್ಲೇ ಆಗಬೇಕೆಂದಿಲ್ಲ, ಯಾವಾಗ ಕೊಟ್ಟರೂ ಅಲ್ಲಿಂದ 12 ತಿಂಗಳು ನಡೆಯುವುದು. ಅದನ್ನು ಮರೆತರೆ ಪಿಂಚಣಿ ನಿಂತುಹೋಗುವುದು. ನಿಂತಿತೆಂದು ಕೈಬಿಡಬೇಡಿರಿ, ಪತ್ರ ಕೊಟ್ಟರೆ ಬಾಕಿ ಸಮೇತ ಮತ್ತೆ ಬರುವುದು. ಬೆರಳು ಸವೆದು ಗುರುತು ಬೀಳದ ರೈತರಿಗೆ ಮುಖ ತೋರಿಸಿ ಪ್ರಮಾಣಿಸುವ ವ್ಯವಸ್ಥೆಯೂ ಇದೆ.

ಕೆಲವು ಪ್ರಶ್ನೆಗಳು

‘ನನಗೆ ಸರ್ಕಾರದ ವೃದ್ಧಾಪ್ಯ ಪಿಂಚಣಿ ಬರುತ್ತಿದೆ. ಇದೂ ಅದೇ ಅಲ್ಲವೇ?’

ಅಲ್ಲ. ಆಂಧ್ರ ಸರ್ಕಾರವು 2024ರ ಜುಲೈ 1ರಿಂದ 4,000 ರೂಪಾಯಿಗೆ ಏರಿಸಿ ಮನೆಯ ಬಾಗಿಲಿಗೆ ತಂದುಕೊಡತೊಡಗಿದ ಪಿಂಚಣಿಯು ರಾಜ್ಯದ ಸಹಾಯ. ಇದು ನಿಮ್ಮ ದುಡಿಮೆಯಿಂದ ಕೂಡಿದ ಕೇಂದ್ರದ ನಿಧಿ. ಎರಡರ ನಿಯಮಗಳೂ ಬೇರೆ ಬೇರೆ.

‘ಕಟ್ಟಡದ ಕೆಲಸ ಮಾಡಿದ್ದೇನೆ, ಪಿ.ಎಫ್. ಹಿಡಿದಿಲ್ಲ. ನನಗೇನೂ ಇಲ್ಲವೇ?’

ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯಿದೆಯಂತೆ ರಾಜ್ಯ ರಾಜ್ಯದಲ್ಲೂ ಕಲ್ಯಾಣ ಮಂಡಳಿಗಳಿವೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ಅಲ್ಲಿ ಹೆಸರು ನೋಂದಾಯಿಸಬಹುದು. ಅರವತ್ತು ತುಂಬಿದವರಿಗೆ ಪಿಂಚಣಿ ಕೊಡುವುದು ಮಂಡಳಿಯ ಕೆಲಸಗಳಲ್ಲಿ ಒಂದು. ಬೆಂಗಳೂರಿನಲ್ಲಿ ಮಾಡಿಸಿದ ಕಾರ್ಮಿಕರ ಕಾರ್ಡು ಇದ್ದರೆ ಅರವತ್ತರ ಒಳಗೆ ಅದನ್ನು ತಪ್ಪದೆ ನವೀಕರಿಸುತ್ತಿರಬೇಕು.

‘ಇಪ್ಪತ್ತು ವರ್ಷದ ಹಿಂದಿನ ಹಣ ಈಗ ಉಳಿದಿರುತ್ತದೆಯೇ?’

ಉಳಿದಿರುತ್ತದೆ. ಭವಿಷ್ಯನಿಧಿಯ ಗಂಟಿಗೆ, ಕೆಲಸ ಬಿಟ್ಟಿದ್ದರೂ, 58 ವರ್ಷದವರೆಗೆ ಬಡ್ಡಿ ಸೇರುವಂತೆ 2016ರಲ್ಲಿ ನಿಯಮ ಮಾಡಿದರು. ಬಹುಕಾಲ ಯಾರೂ ಕೇಳದ ಗಂಟನ್ನು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಸಾಗಿಸುವುದುಂಟು. ಅಲ್ಲಿಗೆ ಹೋದ ಮೇಲೂ 25 ವರ್ಷದವರೆಗೆ ವಾರಸುದಾರರು ಕೇಳಬಹುದು. 58 ದಾಟಿ ತಡವಾಗಿ ಪಿಂಚಣಿ ಕೇಳುವವರು ಅರ್ಜಿಯಲ್ಲಿ ಹಿಂದಿನ ಬಾಕಿಯನ್ನೂ ಕೇಳಬೇಕು.

‘ಒಬ್ಬರು ಎಲ್ಲಾ ಮಾಡಿಸಿಕೊಡುತ್ತೇನೆ, ಬಂದದ್ದರಲ್ಲಿ ಮೂರರಲ್ಲಿ ಒಂದು ಪಾಲು ಕೊಡಿ ಎನ್ನುತ್ತಾರೆ.’

ಕೊಡಬೇಡಿರಿ. ಫಾರಂಗಳಿಗೆ ಬೆಲೆಯಿಲ್ಲ, ಅರ್ಜಿಗೆ ಶುಲ್ಕವಿಲ್ಲ. ಆಧಾರ್ ಸಂಖ್ಯೆ, ಮೊಬೈಲಿಗೆ ಬರುವ ಗುಟ್ಟಿನ ಅಂಕಿ, ಬ್ಯಾಂಕಿನ ಪಾಸ್‌ಬುಕ್ಕು ಇವನ್ನು ಪರರ ಕೈಗೆ ಕೊಟ್ಟರೆ ಬರುವ ಹಣವೂ ಹೋಗಿ ಇರುವ ಹಣವೂ ಹೋದೀತು. ಬರೆಯಲು ಬಾರದಿದ್ದರೆ ಮನೆಯ ಓದುವ ಮಕ್ಕಳನ್ನೋ ಊರ ಮೇಷ್ಟ್ರನ್ನೋ ಕೇಳಿರಿ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿಯ ಮುನ್ನ ಸಹಾಯವಾಣಿಯಲ್ಲೋ ಕಚೇರಿಯಲ್ಲೋ ಒಮ್ಮೆ ವಿಚಾರಿಸಿರಿ.

ಕಡೆಯ ಮಾತು

ಇದು ಒಬ್ಬೊಬ್ಬರೇ ಮಾಡುವುದಕ್ಕಿಂತ ಊರಿನವರು ಕೂಡಿ ಮಾಡಿದರೆ ಹಗುರವಾಗುವ ಕೆಲಸ. ಒಂದು ಹಳ್ಳಿಯಿಂದ ಒಂದೇ ಗಿರಣಿಗೆ ಹತ್ತಾರು ಮಂದಿ ಹೋಗಿರುತ್ತಾರೆ. ಒಬ್ಬನ ಚೀಟಿಯಲ್ಲಿ ಗಿರಣಿಯ ಸಂಕೇತ ಸಂಖ್ಯೆ ಸಿಕ್ಕರೆ ಉಳಿದವರಿಗೂ ದಾರಿಯಾಗುವುದು. ಬರುವ ಅಮಾವಾಸ್ಯೆ, ಎತ್ತುಗಳಿಗೆ ವಿರಾಮವಿರುವ ದಿನ, ಕಟ್ಟೆಯ ಮೇಲೆ ಕುಳಿತು ಒಂದು ನೋಟುಪುಸ್ತಕದಲ್ಲಿ ಬರೆಯಿರಿ: ಯಾರು, ಯಾವ ಊರಿನಲ್ಲಿ, ಯಾವ ಕಾರ್ಖಾನೆಯಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ. ತೀರಿಕೊಂಡವರ ಹೆಸರನ್ನೂ ಬರೆಯಿರಿ, ಅವರ ಹೆಂಡಿರು ಮಕ್ಕಳು ಊರಿನಲ್ಲೇ ಇದ್ದಾರೆ.

ಹಗೇವಿನ ಜೋಳವನ್ನು ಬರಗಾಲದಲ್ಲಿ ತೆಗೆಯದೆ ಬಿಟ್ಟರೆ ಅದು ಮಣ್ಣಾಗುವುದು. ಮುಪ್ಪಿನ ಕಾಲಕ್ಕೆಂದು ಕೂಡಿಟ್ಟದ್ದನ್ನು ಮುಪ್ಪಿನಲ್ಲೇ ತೆಗೆದು ಉಣ್ಣಬೇಕು. ಪೆಟ್ಟಿಗೆ ತೆರೆಯಲು ಇಂದೇ ಒಳ್ಳೆಯ ದಿನ.